ಹಿಂದಿನ ಕೋಣೆಯ ಅರ್ಜಿ

ನಮ್ಮ ನೀರು ಸರಬರಾಜು ಕಚೇರಿಯ ಬಿಲ್ ವಿಭಾಗದಲ್ಲಿ ನನ್ನ ಪಕ್ಕದ ಮೇಜಿನವರಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಬಳಕೆಯಲ್ಲಿದೆ. ಉಳಿದಂತೆ ಸಾಹೇಬರಿಂದ ಹಿಡಿದು ಮೀಟರ್ ಓದುವವರ ತನಕ ಎಲ್ಲರಿಗೂ ಅವರು 'ಅಂದ್ರೆ'ಯವರು. ಯಾವ ಮಾತನ್ನೂ ಒಂದು ಸಲ ಹೇಳಿ ಬಿಡುವ ಜಾಯಮಾನ ಅವರದಲ್ಲ. "ಅಂದ್ರೆ" ಎಂದು ವಿವರಣೆಗೆ ಇಳಿಯುತ್ತಾರೆ; ಅವರು ವಿವರಿಸಿ ಮುಗಿಸುವ ಹೊತ್ತಿಗೆ ಕೇಳಿದವನಿಗೆ ಮೊದಲು ಅರ್ಥವಾಗಿದ್ದೂ ಕೈಬಿಟ್ಟು ಹೋಗಿರುತ್ತದೆ. ಇಂಥವರು ದೇಶದ ಕಾನೂನನ್ನು ತಿದ್ದಿಸಲು ಹೊರಟರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವನು ನಾನು. ಅದರಲ್ಲಿ ಅರ್ಧ ತಪ್ಪು ನನ್ನದೇ ಆಗಿತ್ತು ಎನ್ನುವುದನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ವಿಷಯ ಹೀಗೆ. ಅಂದ್ರೆಯವರ ಮನೆಯ ಹಿಂಭಾಗದಲ್ಲಿ ಒಂದು ಕೋಣೆಯಿದೆ. ಕಿಟಕಿಯಿಲ್ಲ, ಮಾಡಿನಲ್ಲಿ ಕೂರಿಸಿದ ಎರಡು ಗಾಜಿನ ಹೆಂಚಿನಿಂದ ಬೆಳಕು ಬೀಳುತ್ತದೆ. ಇಪ್ಪತ್ತಾರು ವರ್ಷಗಳಿಂದ ದಿನಾ ಸಂಜೆ ಐದೂವರೆಗೆ ಅವರು ಮನೆ ಮುಟ್ಟಿ, ಕೈಕಾಲು ತೊಳೆದು, ಹೆಂಡತಿಯೊಡನೆ (ಅವರನ್ನು ನಾನು ಅತ್ತಿಗೆ ಎನ್ನುತ್ತೇನೆ) ಆ ಕೋಣೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದರು. ಸರಿಯಾಗಿ ಅರ್ಧ ಗಂಟೆ. ಆಮೇಲೆ ಹೊರಗೆ ಬರುವಾಗ ಅತ್ತಿಗೆಯ ಮುಖ ಬಿಗಿ ಚಪ್ಪಲಿ ಬಿಚ್ಚಿದವರ ಹಾಗೆ ಹಗುರವಾಗಿರುತ್ತಿತ್ತು. ನಾನೇ ಎಷ್ಟೋ ಸಲ ಹೊರಗೆ ಜಗಲಿಯಲ್ಲಿ ಕಾದು ಕೂತು ನೋಡಿದ್ದೇನೆ. ಒಳಗೆ ಏನು ನಡೆಯುತ್ತದೆ ಎಂದು ಕೇಳಿದರೆ ಅಂದ್ರೆಯವರು "ಏನಿಲ್ಲಪ್ಪ, ಅಂದ್ರೆ, ಏನೂ ಇಲ್ಲ" ಎನ್ನುತ್ತಿದ್ದರು. ಅವರ ಜೀವಮಾನದಲ್ಲಿ ಅದೊಂದೇ ವಿವರಣೆ ಚುಟುಕಾಗಿ ಮುಗಿಯುತ್ತಿದ್ದುದು.

ಅವರ ಮನೆಯ ಪಕ್ಕಕ್ಕೆ ಅಂಟಿಕೊಂಡು ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಮನೆ. ಮೇಷ್ಟ್ರು ಈ ವರ್ಷ ಮಹಡಿ ಕಟ್ಟಿಸಿದರು. ಮಹಡಿಯ ಮೆಟ್ಟಿಲಿಗೆ ಗಾಳಿ ಬೇಕೆಂದು ಒಂದು ಕಿಟಕಿ ಇಡಿಸಿದರು. ಆ ಕಿಟಕಿಯಲ್ಲಿ ನಿಂತರೆ ನೇರವಾಗಿ ಗಾಜಿನ ಹೆಂಚು, ಹೆಂಚಿನ ಕೆಳಗೆ ಕೋಣೆ. ಒಂದು ಸಂಜೆ ಅತ್ತಿಗೆ ತಲೆಯೆತ್ತಿದರು. ಮೇಲೆ ಮೇಷ್ಟ್ರು ಕೈಯಲ್ಲಿ ಲೋಟ ಹಿಡಿದು ನಿಂತಿದ್ದರು.

ಅಂದಿಗೆ ಸಂಜೆಯ ಆ ಅರ್ಧ ಗಂಟೆ ನಿಂತುಹೋಯಿತು. ಗಾಜಿನ ಮೇಲೆ ಟಾರ್ಪಾಲು ಹೊದಿಸಿ ನೋಡಿದರು. "ಕತ್ತಲಲ್ಲಿ ಅದು ಆಗಲ್ಲ ಕಣಯ್ಯ, ದೀಪ ಹಾಕಿದ್ರೂ ಆಗಲ್ಲ" ಎಂದರು ಅಂದ್ರೆಯವರು. ಇದನ್ನು ಕೇಳಿದ ಮೇಲೆ ನನ್ನ ತಲೆಯಲ್ಲಿ ಎದ್ದ ಊಹೆಗಳನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲವೂ ಸುಳ್ಳೆಂದು ಆಮೇಲೆ ನನಗೇ ಅನ್ನಿಸಿತು. ಮೂರು ತಿಂಗಳು ಕಳೆಯಿತು. ಅತ್ತಿಗೆ ಕೇಳಿದ್ದಕ್ಕೆ 'ಹೂಂ', 'ಉಹೂಂ' ಎನ್ನುವಷ್ಟಕ್ಕೆ ಇಳಿದರು. ಒಂದು ಮಧ್ಯಾಹ್ನ ಅಂದ್ರೆಯವರು ಬಿಲ್ಲಿನ ಕಂತೆಯ ಮೇಲೆ ಕೈಯಿಟ್ಟುಕೊಂಡು, "ನಮ್ಮವಳು ಈಗ ನಗೋದೇ ಇಲ್ಲ" ಎಂದರು. ಹಿಂದೆ ಮುಂದೆ 'ಅಂದ್ರೆ' ಇರಲಿಲ್ಲ.

ಮೇಷ್ಟ್ರನ್ನು ಕೇಳಲಿಲ್ಲವೇ ಎಂದರೆ, ಕೇಳಿದ್ದರು. ಮೊದಲ ಸಲ ಅಂದ್ರೆಯವರು ಎಷ್ಟು ಸುತ್ತಿ ಬಳಸಿ ಕೇಳಿದರೆಂದರೆ, ಕಿಟಕಿ ಚೆನ್ನಾಗಿದೆಯೆಂದು ಹೊಗಳಲು ಬಂದಿದ್ದಾರೆ ಎಂದುಕೊಂಡು ಮೇಷ್ಟ್ರು ಮರಗೆಲಸದವನ ವಿಳಾಸ ಬರೆದುಕೊಟ್ಟರು. ಎರಡನೆಯ ಸಲ ಅರ್ಥವಾಯಿತು, ಸಿಟ್ಟೂ ಬಂತು. "ಗೋಡೆ ನಂದು, ಕಿಟಕಿ ನಂದು, ಕಣ್ಣೂ ನಂದೇ. ನೋಡಬಾರದು ಅಂತ ಯಾವ ಕಾನೂನಲ್ಲಿದೆ, ತೋರಿಸಿ" ಎಂದರು.

ಹಾಗಾಗಿ ಕಾನೂನು ಹುಡುಕಲು ನಾನು ಅವರನ್ನು ನನಗೆ ಗೊತ್ತಿದ್ದ ವಕೀಲರ ಹತ್ತಿರ ಕರೆದುಕೊಂಡು ಹೋದೆ.

"ನಿಮ್ಮ ಜಾಗಕ್ಕೆ ಕಾಲಿಟ್ಟರಾ?" ಎಂದರು ವಕೀಲರು.

"ಕಾಲಿಟ್ಟಿಲ್ಲ ಸಾರ್. ಕಣ್ಣಿಟ್ಟಿದಾರೆ."

"ಕಣ್ಣಿಗೆ ಅತಿಕ್ರಮ ಪ್ರವೇಶ ಅಂತ ಇಲ್ಲ. ನಿಮ್ಮ ಬಗ್ಗೆ ಸುಳ್ಳು ಹಬ್ಬಿಸಿದರಾ?"

"ಇಲ್ಲ. ಹೇಳಿದ್ರೆ ನಿಜಾನೇ ಹೇಳ್ತಾರೆ, ಅದೇ ಭಯ."

"ನಿಜ ಹೇಳಿದ್ರೆ ಮಾನನಷ್ಟ ಹಾಕಿ ಗೆಲ್ಲೋದು ಕಷ್ಟ. ನೀವೇ ನಂಬಿ ಗುಟ್ಟು ಹೇಳಿ, ಅವರು ಅದನ್ನ ಒಡೆದರಾ?"

"ನಾವು ಹೇಳಲಿಲ್ಲ. ಅವರೇ ನೋಡ್ಕೊಂಡ್ರು."

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಜಾಗಕ್ಕೆ ಒಂದು ಕಾನೂನಿದೆ, ಹೆಸರಿಗೆ ಒಂದಿದೆ, ನಂಬಿಕೆಗೆ ಒಂದಿದೆ. ನಿಮ್ಮದು ಮೂರರ ಸಂದಿಯಲ್ಲಿ ಬಿದ್ದುಹೋಗಿದೆ. ಕಾನೂನಿನ ಪ್ರಕಾರ ನಿಮಗೆ ಏನೂ ಆಗಿಲ್ಲ."

"ಆಗಿದೆ ಸಾರ್" ಎಂದರು ಅಂದ್ರೆಯವರು.

ವಕೀಲರಿಗೆ ಕನಿಕರ ಬಂದಿರಬೇಕು. ಖಾನೆಯಿಂದ ಒಂದು ಕರಪತ್ರ ತೆಗೆದುಕೊಟ್ಟರು. ಜನರ ಖಾಸಗಿತನಕ್ಕೆ ಧಕ್ಕೆಯಾದರೆ ಏನು ಮಾಡಬೇಕೆಂದು ಕಾನೂನು ಸುಧಾರಣಾ ಆಯೋಗ ಊರೂರಿಗೆ ಬಂದು ಅಹವಾಲು ಕೇಳುತ್ತಿತ್ತು. ಆಯೋಗದ ಮುಂದೆ ಮೂರು ದಾರಿಗಳಿದ್ದವು. ಒಂದು, ಈಗಿರುವ ಕಾನೂನೇ ಸಾಕು ಎಂದು ಸುಮ್ಮನಿರುವುದು. ಎರಡು, ನೊಂದವರು ನೇರವಾಗಿ ದಾವೆ ಹೂಡಲು ಹೊಸ ಹಕ್ಕು ಕೊಡುವುದು. ಮೂರು, ದೂರು ಕೇಳಲೆಂದೇ ಒಬ್ಬ ಅಧಿಕಾರಿಯನ್ನು ನೇಮಿಸುವುದು. ಸಾರ್ವಜನಿಕರು ಲಿಖಿತ ಅರ್ಜಿಯೊಡನೆ ಪುರಭವನಕ್ಕೆ ಬರಬಹುದು. ಅಂದ್ರೆಯವರು ಕರಪತ್ರವನ್ನು ಮಡಿಸಿ ಎದೆಯ ಜೇಬಿಗೆ ಸೇರಿಸಿದರು. ಮನೆಯಲ್ಲಿ ಅತ್ತಿಗೆ ಒಂದೇ ಷರತ್ತು ಹಾಕಿದರಂತೆ: "ಎಲ್ಲಿ ಬೇಕಾದ್ರೂ ಹೋಗಿ, ಯಾರ ಮುಂದೆ ಬೇಕಾದ್ರೂ ಕೈ ಮುಗೀರಿ. ಅದೇನು ಅಂತ ಮಾತ್ರ ಬಾಯಿ ಬಿಡಬೇಡಿ."

ಸರ್ಕಾರಿ ನೌಕರ ಆಯೋಗಕ್ಕೆ ಅರ್ಜಿ ಕೊಡಬೇಕಾದರೆ 'ಸೂಕ್ತ ಮಾರ್ಗದ ಮೂಲಕ' ಕೊಡಬೇಕು ಎಂದು ಯಾರೋ ಅಂದ್ರೆಯವರ ಕಿವಿಯಲ್ಲಿ ಊದಿದರು. ಸೂಕ್ತ ಮಾರ್ಗ ಎಂದರೆ ಏಳು ಮೇಜು, ಹದಿನಾಲ್ಕು ಕಣ್ಣು. ಟೈಪು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಆಗ ನಮ್ಮ ಕಚೇರಿಯಲ್ಲಿ ಇನ್ನೊಂದು ಗಲಾಟೆಯೂ ನಡೆಯುತ್ತಿತ್ತು. ನೀರು ಸರಬರಾಜನ್ನು ಖಾಸಗಿ ಕಂಪನಿಗೆ ಕೊಡುತ್ತಾರೆ ಎಂಬ ಸುದ್ದಿ ಎದ್ದು, ನೌಕರರ ಸಂಘದವರು ಮನವಿಯ ಮೇಲೆ ಮನವಿ ಕಳಿಸುತ್ತಿದ್ದರು. ಅವನ್ನು ಟೈಪು ಮಾಡುತ್ತಿದ್ದವನೂ ನಾನೇ. ಎರಡು ವಾರದಿಂದ ನನ್ನ ಬೆರಳುಗಳು 'ಖಾಸ' ಎಂದು ಹೊಡೆದ ಕೂಡಲೇ 'ಗೀಕರಣ' ಎಂದು ತಾವಾಗಿಯೇ ಮುಗಿಸಿಬಿಡುತ್ತಿದ್ದವು.

ಅರ್ಜಿಯಲ್ಲಿ ಇರಬೇಕಾದದ್ದು "ಖಾಸಗಿತನಕ್ಕೆ ಕಾನೂನಿನ ರಕ್ಷಣೆ ಕೋರಿ." ಹೋದದ್ದು "ಖಾಸಗೀಕರಣಕ್ಕೆ ಕಾನೂನಿನ ರಕ್ಷಣೆ ಕೋರಿ." ಕೆಳಗಿನ ಒಕ್ಕಣೆ ಇನ್ನೂ ಚೆನ್ನಾಗಿತ್ತು: "ಖಾಸಗೀಕರಣವಿಲ್ಲದೆ ನನ್ನ ಸಂಸಾರದ ನೆಮ್ಮದಿ ಹಾಳಾಗಿರುತ್ತದೆ." ಅಂದ್ರೆಯವರು ಓದಿ ನೋಡದೆ ಸಹಿ ಹಾಕಿದರು. ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ. ಲಕೋಟೆಯ ಮೇಲೆ ಮಾತ್ರ ತಮ್ಮ ಕೈಯಾರೆ ದಪ್ಪ ಅಕ್ಷರದಲ್ಲಿ 'ಖಾಸಗಿ, ಬೇರೆಯವರು ಒಡೆಯಬಾರದು' ಎಂದು ಬರೆದರು. ಹಾಗೆ ಬರೆದದ್ದರಿಂದ ಏಳು ಮೇಜಿನವರೂ ಒಡೆದು ಓದಿದರು.

ಮರುದಿನ ಹನ್ನೊಂದಕ್ಕೆ ಚಹಾ ಬಂದಾಗ ಎಲ್ಲರ ಮೇಜಿಗೂ ಲೋಟ ಇಳಿಯಿತು, ಅಂದ್ರೆಯವರ ಮೇಜಿಗೆ ಇಳಿಯಲಿಲ್ಲ. ಅವರು ಇದನ್ನು ಮರೆವು ಎಂದುಕೊಂಡರು. ಮಧ್ಯಾಹ್ನ ಸಾಹೇಬರು ಒಳಗೆ ಕರೆಸಿದರು. ಇಷ್ಟು ವರ್ಷದ ನೌಕರಿಯಲ್ಲಿ ಮೊದಲ ಸಲ ಕುರ್ಚಿ ತೋರಿಸಿದರು.

"ನೀವು ಇಷ್ಟು ದೂರ ಯೋಚನೆ ಮಾಡೋರು ಅಂತ ಗೊತ್ತಿರಲಿಲ್ಲ" ಎಂದರು ಸಾಹೇಬರು ದನಿ ತಗ್ಗಿಸಿ. "ಮೇಲಿನವರಿಗೆ ಗೊತ್ತಾ ಇದು?"

"ಮೇಲಿನವರಿಂದಲೇ ಅಲ್ವಾ ಸಾರ್ ಶುರುವಾಗಿದ್ದು."

"ಎಷ್ಟು ಮೇಲಿನವರು?"

"ಹತ್ತು ಹನ್ನೆರಡು ಅಡಿ ಇರಬಹುದು. ಅಂದ್ರೆ, ಕೆಳಗಿನವರು ಏನು ಮಾಡ್ತಾರೆ ಅಂತ ಅವರಿಗೆ ಪೂರ್ತಿ ಕಾಣುತ್ತೆ."

ಸಾಹೇಬರು ತಲೆಯಾಡಿಸಿ, ಕುರ್ಚಿಯಿಂದ ಅರ್ಧ ಎದ್ದು ಅವರನ್ನು ಬೀಳ್ಕೊಟ್ಟರು. ಅರ್ಜಿ ಅದೇ ದಿನ ಶಿಫಾರಸಿನೊಂದಿಗೆ ಮುಂದೆ ಹೋಯಿತು. ನಮ್ಮ ಕಚೇರಿಯಿಂದ ಒಂದು ಕಾಗದ ಅದೇ ದಿನ ಹೊರಬಿದ್ದದ್ದು ನಾನು ಕಂಡಂತೆ ಅದೊಂದೇ.

ಸಂಜೆ ಗೇಟಿನ ಹತ್ತಿರ ಸಂಘದ ಕಾರ್ಯದರ್ಶಿ ಕಾದಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಹಿಂದೆ ನಲವತ್ತು ಜನ ನಿಂತಿದ್ದರು.

"ನೀರು ಎಲ್ಲರದು ಅಂತ ಒಪ್ತೀರೋ ಇಲ್ವೋ?" ಎಂದರು ಕಾರ್ಯದರ್ಶಿ.

"ಒಪ್ತೀನಿ. ಆದ್ರೆ ನಮ್ಮ ಹಿಂದಿನ ಕೋಣೆ ನಮ್ಮದು."

"ಹಿಂದಿನ ಕೋಣೇಲಿ ಏನು ಮಾತುಕತೆ ನಡೀತಿದೆ?"

ಅಂದ್ರೆಯವರ ಮುಖ ಬಿಳಿಚಿಕೊಂಡಿತು. "ನಿಮಗೆ ಯಾರು ಹೇಳಿದ್ರು?"

"ಅರ್ಜೀಲೇ ಇದೆಯಲ್ಲ, ಹಿಂದಿನ ಕೋಣೆ, ಸಂಸಾರದ ನೆಮ್ಮದಿ ಅಂತ. ಕಂಪನಿಯವರು ಬಂದು ಕೂತಿದ್ರಾ ಇಲ್ವಾ ಆ ಕೋಣೇಲಿ?"

"ಆ ಕೋಣೇಲಿ ನಾನು, ನಮ್ಮವಳು. ಮೂರನೆಯವರು ಇಲ್ಲ."

"ಹಾಗಾದ್ರೆ ನೀವಿಬ್ರು ಬಾಗಿಲು ಹಾಕ್ಕೊಂಡು ಏನು ಮಾಡ್ತೀರಿ, ಹೇಳಿ. ಹೇಳಿದ್ರೆ ಬಿಟ್ಬಿಡ್ತೀವಿ."

ನೌಕರರ ಹೋರಾಟದ ಚರಿತ್ರೆಯಲ್ಲಿ ಇಂಥ ಬೇಡಿಕೆಯನ್ನು ಯಾರೂ ಇಟ್ಟಿರಲಾರರು. ಅಂದ್ರೆಯವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಅತ್ತ ದರಿ, ಇತ್ತ ಪುಲಿ. ಬಾಯಿ ಬಿಟ್ಟರೆ ಅತ್ತಿಗೆಗೆ ಕೊಟ್ಟ ಮಾತು ಹೋಗುತ್ತದೆ. ಬಿಡದಿದ್ದರೆ ಕಂಪನಿಯ ಏಜೆಂಟ್ ಎಂಬ ಹೆಸರು ಅಂಟುತ್ತದೆ. ಅವರು ಚೀಲ ಹೆಗಲಿಗೇರಿಸಿಕೊಂಡು ಹೊರಟರು. ಸಂಘದವರು ಆ ಹೆಸರನ್ನು ಅಂದೇ ಅಂಟಿಸಿದರು.

ಆ ಹೊತ್ತಿಗೆ ನನಗೆ ನನ್ನ ಕಾರ್ಬನ್ ಪ್ರತಿ ಸಿಕ್ಕಿತ್ತು, ತಪ್ಪು ಗೊತ್ತಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಯಾರು 'ಟೈಪು' ಎಂದರೂ ನಾನು ಬೆರಳು ಮಡಚಿಕೊಳ್ಳುತ್ತಿದ್ದೆ. ಹೇಳಬಹುದಿತ್ತು. ಹೇಳಲಿಲ್ಲ. ಹತ್ತು ದಿನ ಅವರು ಚಹಾ ಇಲ್ಲದೆ, ಮಾತಿಲ್ಲದೆ ಕೂತದ್ದನ್ನು ಪಕ್ಕದಲ್ಲೇ ಕೂತು ನೋಡಿದೆ. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಹವಾಲಿನ ದಿನ ಪುರಭವನ ತುಂಬಿ ತುಳುಕಿತು. ಕಾನೂನು ಸುಧಾರಣೆಯಲ್ಲಿ ನಮ್ಮೂರಿಗೆ ಇಷ್ಟು ಆಸಕ್ತಿ ಇದೆಯೆಂದು ಆಯೋಗದವರು ಹಿಗ್ಗಿದರು. ಗೇಟಿನ ಬಳಿ ಆದ ಮಾತು ಊರೆಲ್ಲ ಹಬ್ಬಿತ್ತು; ಜನ ಬಂದದ್ದು ಹಿಂದಿನ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ತಿಳಿಯಲು. ವೇದಿಕೆಯಲ್ಲಿ ಅಧ್ಯಕ್ಷೆ, ನಿವೃತ್ತ ನ್ಯಾಯಾಧೀಶೆ. ಅವರ ಪಕ್ಕದಲ್ಲಿ ನಕ್ಷೆ ಬರೆಯಲು ಒಂದು ಕಪ್ಪುಹಲಗೆ. ಕೊನೆಯ ಸಾಲಿನಲ್ಲಿ ಅತ್ತಿಗೆ ಒಬ್ಬರೇ ಕೂತಿದ್ದರು. ಅವರ ಅಕ್ಕಪಕ್ಕದ ಕುರ್ಚಿಗಳು ಖಾಲಿಯಿದ್ದವು.

ಮೊದಲು ಸಾರ್ವಜನಿಕರ ಸಲಹೆಗಳು. ಪಕ್ಕದ ಮನೆ ಕಡೆಗೆ ಕಿಟಕಿ ಇಡುವುದನ್ನೇ ನಿಷೇಧಿಸಬೇಕು ಎಂದರು ಒಬ್ಬರು. ನೋಡುವುದಕ್ಕೆ ಪರವಾನಗಿ ಇರಬೇಕು, ಪ್ರತಿ ವರ್ಷ ನವೀಕರಿಸಬೇಕು ಎಂದರು ಇನ್ನೊಬ್ಬರು. ಈಗಿನ ಕಾನೂನೇ ಸಾಕು, ಮರ್ಯಾದಸ್ಥರಿಗೆ ಬಚ್ಚಿಡುವಂಥದ್ದು ಏನಿರುತ್ತೆ ಎಂದ ಔಷಧಿ ಅಂಗಡಿಯವರನ್ನು ನೋಡಿ ಸಭೆಯಲ್ಲಿ ಹಲವರು ತಲೆ ತಗ್ಗಿಸಿದರು. ಯಾರು ಯಾವ ಮಾತ್ರೆ ನುಂಗುತ್ತಾರೆಂದು ಅವರಿಗೆ ಬಾಯಿಪಾಠ. ನಮ್ಮ ಕಾರ್ಯದರ್ಶಿ ಎದ್ದು, "ಖಾಸಗಿತನವನ್ನು ಯಾವ ಕಾರಣಕ್ಕೂ ಖಾಸಗಿಯವರ ಕೈಗೆ ಬಿಡಬಾರದು, ಅದನ್ನು ಸರ್ಕಾರವೇ ನಡೆಸಬೇಕು" ಎಂದು ಚಪ್ಪಾಳೆ ಗಿಟ್ಟಿಸಿದರು.

ಆಮೇಲೆ ಅಂದ್ರೆಯವರ ಸರದಿ. ಅಧ್ಯಕ್ಷೆ ಅರ್ಜಿ ಕೈಗೆತ್ತಿಕೊಂಡು ವಿಷಯದ ಸಾಲು ಓದಿ, "ಇದು ಖಾಸಗೀಕರಣದ ವಿಷಯ. ನಮ್ಮ ವ್ಯಾಪ್ತಿಗೆ ಬರಲ್ಲ. ಮುಂದಿನವರು ಬನ್ನಿ" ಎಂದರು.

ಅಂದ್ರೆಯವರು ಏನೂ ಅರ್ಥವಾಗದೆ ನಿಂತಿದ್ದರು. "ಅಂದ್ರೆ?" ಎಂದು ಮೊದಲ ಸಲ ಪ್ರಶ್ನೆಯಾಗಿ ಕೇಳಿದರು. ಹಿಂದಿನ ಸಾಲಿನಲ್ಲಿ ಅತ್ತಿಗೆ ನೆಲ ನೋಡುತ್ತಿದ್ದರು. ನನ್ನ ಕಾಲು ನನ್ನನ್ನು ಕೇಳದೆಯೇ ಎದ್ದುಬಿಟ್ಟಿತು.

"ಅಮ್ಮಾ, ಅದು ಅವರ ಅರ್ಜಿಯ ತಪ್ಪಲ್ಲ. ನನ್ನ ಬೆರಳಿನ ತಪ್ಪು. ಖಾಸಗಿತನ ಅಂತ ಇರಬೇಕಿತ್ತು. ಗೊತ್ತಾಗಿ ಹತ್ತು ದಿನ ಆಯ್ತು. ಹೆದರಿಕೊಂಡು ಸುಮ್ಮನಿದ್ದೆ."

ಸಭೆಯಲ್ಲಿ ಗುಜುಗುಜು ಹಬ್ಬಿತು. ಸಾಹೇಬರು ಮೊದಲ ಸಾಲಿನಲ್ಲಿ ಕುಸಿದು ಕೂತರು. ಕಾರ್ಯದರ್ಶಿ ನಲವತ್ತು ಜನರ ಕಡೆ ತಿರುಗಿ ಕೈಚೆಲ್ಲಿದರು. ಅಂದ್ರೆಯವರು ಮಾತ್ರ ನನ್ನನ್ನು ನೋಡಿ, "ಅದಕ್ಕೇ ಚಹಾ ಬರ್ತಿರಲಿಲ್ವಾ?" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅಧ್ಯಕ್ಷೆ ಅರ್ಜಿಯನ್ನು ತಾವೇ ಪೆನ್ನಿನಿಂದ ತಿದ್ದಿದರು. "ಈಗ ಹೇಳಿ. ನಿಮ್ಮ ಕೋಣೆಯನ್ನು ಪಕ್ಕದವರು ನೋಡಿದರು. ಏನನ್ನು ನೋಡಿದರು? ಏನು ಹಾನಿಯಾಯ್ತು? ಅದು ಗೊತ್ತಾಗದೆ ದಾಖಲಿಸೋಕೆ ಬರಲ್ಲ."

"ಅಂದ್ರೆ" ಎಂದರು ಅಂದ್ರೆಯವರು. ಮುನ್ನೂರು ಜನ ಮುಂದಕ್ಕೆ ಬಾಗಿದರು. ಬಾಗಿದವರಲ್ಲಿ ನಾನೂ ಇದ್ದೆ. ಅವರು ಒಂದು ಸಲ ಕೊನೆಯ ಸಾಲಿನತ್ತ ನೋಡಿದರು. ಆ 'ಅಂದ್ರೆ'ಯ ಹಿಂದೆ ಯಾವ ಮಾತೂ ಬರಲಿಲ್ಲ.

"ಹೇಳಿದ್ರೆ ನಿಮ್ಮದು ಗಟ್ಟಿ ಕೇಸು. ಎರಡನೇ ದಾರಿಗೋ ಮೂರನೇ ದಾರಿಗೋ ನಿಮ್ಮದೇ ಉದಾಹರಣೆ ಆಗುತ್ತೆ. ಗೆಲ್ತೀರಿ" ಎಂದರು ಅಧ್ಯಕ್ಷೆ.

"ಗೆದ್ದು ಮನೆಗೆ ಏನು ತಗೊಂಡು ಹೋಗ್ಲಮ್ಮ? ಹೇಳಿದ ಮೇಲೆ ಅದು ನಮ್ಮದಾಗಿ ಉಳಿಯಲ್ಲ."

ಅಧ್ಯಕ್ಷೆ ನಿಯಮದ ಪ್ರಕಾರ ಎದುರು ಪಕ್ಷವನ್ನು ಕರೆದರು. ಡ್ರಾಯಿಂಗ್ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಯಲ್ಲಿ ವೇದಿಕೆ ಹತ್ತಿದರು. ನಲವತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತವರು. ಸೀಮೆಸುಣ್ಣ ಕಂಡ ಕೂಡಲೇ ಕೈಗೆ ತೆಗೆದುಕೊಂಡರು. "ಬರೆದೇ ತೋರಿಸ್ತೀನಿ" ಎಂದರು.

ಮೇಷ್ಟ್ರು ತಮ್ಮ ಮನೆ ಬರೆದರು, ಮಹಡಿ ಬರೆದರು, ಮೆಟ್ಟಿಲುಗಳನ್ನು ಎಣಿಸಿ ಬರೆದರು. ಕಿಟಕಿಯ ಐದು ಸರಳು ಬರೆದರು. ಎರಡು ಮನೆಯ ನಡುವಿನ ಗೋಡೆ, ಅದರ ಮೇಲಿನ ಬಿರುಕು, ಬಟ್ಟೆ ಒಣಹಾಕುವ ತಂತಿ, ತಂತಿಯ ಮೇಲೆ ಕ್ಲಿಪ್ಪು. ನೋಡಿದ್ದು ಒಂದನ್ನೂ ಬಿಡುವ ಮನುಷ್ಯನಲ್ಲ. ಗಾಜಿನ ಹೆಂಚು ಬರೆದರು. ಅದರ ಕೆಳಗೆ ನಾಲ್ಕು ಗೋಡೆ ಎಳೆದರು. ಸೀಮೆಸುಣ್ಣ ಆ ನಾಲ್ಕು ಗೋಡೆಯ ನಡುವೆ ಬಂದು ನಿಂತಿತು.

ಮೇಷ್ಟ್ರು ಸಭೆಯ ಕಡೆ ತಿರುಗಿದರು. ಎಲ್ಲರೂ ಕುರ್ಚಿಯ ತುದಿಯಲ್ಲಿದ್ದರು, ಕೆಲವರ ಬಾಯಿ ತೆರೆದಿತ್ತು. ಕೊನೆಯ ಸಾಲಿನಲ್ಲಿ ಅತ್ತಿಗೆ ಎದ್ದು ನಿಂತು ಬಾಗಿಲ ಕಡೆ ಹೆಜ್ಜೆಯಿಟ್ಟಿದ್ದರು. ಮೇಷ್ಟ್ರು ಅವರನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಸೀಮೆಸುಣ್ಣವನ್ನು ಹಲಗೆಯ ಕಟ್ಟಿನ ಮೇಲಿಟ್ಟು ಕೈ ಒರೆಸಿಕೊಂಡರು.

"ಕೋಣೆಯೊಳಗೆ?" ಎಂದರು ಅಧ್ಯಕ್ಷೆ.

"ಅಲ್ಲಿ ಏನೂ ಇಲ್ಲ. ನನ್ನ ಕಣ್ಣಿಗೆ ಏನೂ ಬಿದ್ದಿಲ್ಲ."

"ಅವರು ಹೇಳಿದ್ದು ಸುಳ್ಳಾ ಹಾಗಾದ್ರೆ?"

ಮೇಷ್ಟ್ರು ಉತ್ತರಿಸುವ ಮೊದಲೇ ಅಂದ್ರೆಯವರು ಮುಂದೆ ಬಂದರು. "ಹೌದಮ್ಮ. ಅವರು ನೋಡಿಲ್ಲ. ನಾನೇ ತಪ್ಪು ತಿಳ್ಕೊಂಡಿದ್ದೆ. ಅರ್ಜಿ ವಾಪಸು ತಗೋತೀನಿ."

ಹೀಗೆ ಒಬ್ಬರು ಸುಳ್ಳು ಹೇಳಿ, ಇನ್ನೊಬ್ಬರು ಅದನ್ನು ಒಪ್ಪಿಕೊಂಡು, ಆಯೋಗದ ಕಡತದಲ್ಲಿ 'ಆಧಾರವಿಲ್ಲ' ಎಂದು ದಾಖಲಾಯಿತು. ಜನ ಮೋಸಹೋದವರಂತೆ ಗೊಣಗುತ್ತಾ ಎದ್ದರು. ಹೊರಗೆ ಮೆಟ್ಟಿಲ ಮೇಲೆ ಮೇಷ್ಟ್ರು ಸಿಕ್ಕಿದರು. "ಕಂಡದ್ದನ್ನ ಕಂಡ ಹಾಗೆ ಬರೀರಿ ಅಂತ ಮಕ್ಕಳಿಗೆ ಹೇಳ್ಕೊಟ್ಟೋನು ನಾನು" ಎಂದರು. "ಇವತ್ತು ಅಷ್ಟೂ ಮುಖ ನೋಡಿ ನಾಚಿಕೆ ಆಯ್ತು. ಕಿಟಕೀಲಿ ನಿಂತಾಗ ನನ್ನ ಮುಖಾನೂ ಹಾಗೇ ಇತ್ತೇನೋ."

ನಾಲ್ಕನೆಯ ದಿನ ಗಾರೆಯವನು ಬಂದು ಮೆಟ್ಟಿಲ ಕಿಟಕಿಗೆ ಇಟ್ಟಿಗೆ ಕಟ್ಟಿದ.

ತಿಂಗಳಾದ ಮೇಲೆ ಆಯೋಗದಿಂದ ಅಂದ್ರೆಯವರ ಹೆಸರಿಗೆ ಕಚೇರಿಯ ವಿಳಾಸದಲ್ಲಿ ಒಂದು ಪತ್ರ ಬಂತು. ಅವರು ಅಂದು ಬೇಗ ಮನೆಗೆ ಹೋಗಿದ್ದರು. ಏಳು ಮೇಜು ಸುತ್ತುವ ಮೊದಲೇ ಅದನ್ನು ಎತ್ತಿಕೊಂಡು ನಾನೇ ಹೊರಟೆ. ಒಡೆದು ನೋಡಲಿಲ್ಲ ಎಂದು ಹೇಳಲು ನನಗೆ ಹೆಮ್ಮೆಯಿದೆ, ಬೆಳಕಿಗೆ ಹಿಡಿದು ನೋಡಿದ್ದೆ ಎನ್ನುವುದನ್ನೂ ಹೇಳಬೇಕು. ಖಾಸಗಿತನದ ದೂರುಗಳನ್ನು ಬಾಗಿಲು ಮುಚ್ಚಿ ಕೇಳಬೇಕೆಂದು ಮೂರು ದಾರಿಯ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಿದ್ದೇವೆ ಎಂಬಷ್ಟು ಕಂಡಿತು. ಕೆಳಗೆ ಅಧ್ಯಕ್ಷೆಯ ಸಹಿಯಿತ್ತು.

ನಾನು ತಲುಪಿದಾಗ ಐದೂವರೆ ದಾಟಿತ್ತು. ಮುಂಬಾಗಿಲು ಸುಮ್ಮನೆ ಮುಚ್ಚಿತ್ತು, ಅಗುಳಿ ಹಾಕಿರಲಿಲ್ಲ. ಒಳಗೆ ಹೋದೆ. ಹಿಂದಿನ ಕೋಣೆಯ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಎರಡು ಬೆರಳಷ್ಟು ಸಂದಿಯಿತ್ತು. ಸಂದಿಯಿಂದ ಗಾಜಿನ ಹೆಂಚಿನ ಬೆಳಕು ನಡುಮನೆಯ ನೆಲಕ್ಕೆ ಬಿದ್ದಿತ್ತು. ಇಷ್ಟು ವರ್ಷ ತಿಳಿಯಬೇಕೆಂದು ಹಂಬಲಿಸಿದ್ದು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಎರಡು ಹೆಜ್ಜೆ ಇಟ್ಟೂ ಇಟ್ಟೆ. ಆಗ ಒಳಗೆ ಅತ್ತಿಗೆ ನಕ್ಕರು. ನಾಲ್ಕೈದು ತಿಂಗಳ ನಗು ಒಟ್ಟಿಗೆ ಬಂದ ಹಾಗಿತ್ತು. ನಾನು ಪತ್ರವನ್ನು ಮೇಜಿನ ಮೇಲಿಟ್ಟು, ಹೆಜ್ಜೆ ಸದ್ದಾಗದಂತೆ ಹೊರಗೆ ಬಂದು, ಮುಂಬಾಗಿಲನ್ನು ಎಳೆದುಕೊಂಡೆ.

ಪಕ್ಕದ ಅಂಗಳದಲ್ಲಿ ಮೇಷ್ಟ್ರು ಗಿಡಕ್ಕೆ ನೀರು ಹಾಕುತ್ತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಿದರು.

"ಇದಾರಾ ಒಳಗೆ?" ಎಂದರು.

ಅಷ್ಟರಲ್ಲಿ ಅತ್ತಿಗೆ ಇನ್ನೊಮ್ಮೆ ನಕ್ಕರು. ಗೋಡೆ ದಾಟಿ, ಬೀದಿಯ ತನಕ ಕೇಳಿಸುವ ಹಾಗೆ ನಕ್ಕರು.

"ಮನೇಲಿ ಯಾರೂ ಇಲ್ಲ ಮೇಷ್ಟ್ರೇ" ಎಂದೆ.

"ಹೌದು" ಎಂದರು ಮೇಷ್ಟ್ರು, ಮತ್ತೆ ನೀರು ಹಾಕತೊಡಗಿ. "ನನಗೂ ಏನೂ ಕೇಳಿಸ್ಲಿಲ್ಲ."